ಸುಳ್ಳು ಬಾರದ ಸೇಲ್ಸ್‌ಮನ್

ಮಾರ್ಚ್ ೧೧, ಮಂಗಳವಾರ

ಫ್ರಿಜ್ ಅಂಗಡಿಯ ಆ ಸೇಲ್ಸ್‌ಮನ್‌ಗೆ ಇನ್ನೂ ಉತ್ತರ ಕೊಟ್ಟಿಲ್ಲ.

ವೃತ್ತಿ ತರಬೇತಿ ಕೇಳಿಕೊಂಡು ಬರುವವರಿಗೆಲ್ಲ ನನ್ನ ಮೊದಲ ಪ್ರಶ್ನೆ ಒಂದೇ: ನೀವಾಗಿಯೇ ಬಂದಿರಾ, ಯಾರಾದರೂ ಕಳಿಸಿದರಾ? ಬಲವಂತಕ್ಕೆ ಬಂದವರನ್ನು ನಾನು ಸೇರಿಸಿಕೊಳ್ಳುವುದಿಲ್ಲ. ಇವತ್ತು ಅವನನ್ನೂ ಅದನ್ನೇ ಕೇಳಿದೆ.

"ಸಾಹೇಬ್ರು ಕಳಿಸಿದ್ದು ಮೇಡಂ. ಗಿರಾಕಿಗಳ ಹತ್ರ ನಂಗೆ ಸುಳ್ಳು ಹೇಳೋಕೆ ಬರಲ್ಲ. ನೀವೂ ಬೇಡ ಅಂದ್ರೆ ಕೆಲಸದಿಂದ ತೆಗೀತಾರಂತೆ."

"ಇದನ್ನೆಲ್ಲ ನನಗ್ಯಾಕೆ ಹೇಳಿದ್ರಿ?"

"ನೀವು ಕೇಳಿದ್ರಲ್ಲ."

ತಾನಾಗಿಯೇ ಬಂದೆ ಎಂದಿದ್ದರೆ ಕಣ್ಣು ಮುಚ್ಚಿ ಸೇರಿಸಿಕೊಳ್ಳುತ್ತಿದ್ದೆ. ಈಗ ಬೇಡವೆಂದರೆ ಅವನ ಹೊಟ್ಟೆಯ ಮೇಲೆ ಹೊಡೆದಂತೆ. ಹೂಂ ಎಂದರೆ ನಾನು ಕಲಿಸಬೇಕಾದ್ದು ಸುಳ್ಳನ್ನೇ. ಸಂಜೆಯಿಂದ ಇದೇ ತಲೆ ತಿನ್ನುತ್ತಿದೆ, ಕೈಕಟ್ಟಿ ಹಾಕಿದಂತಾಗಿದೆ.

ಊಟಕ್ಕೆ ಕೂತಾಗ ಇವರು, "ಯಾಕೆ ಒಂಥರಾ ಇದೀಯ?" ಅಂದರು.

"ಏನಿಲ್ಲ, ತಲೆನೋವು" ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ.