ಪುಟ ಹನ್ನೊಂದರ ಸೊಸೆ

ಹಿನೊಸೆ
೧೯೯೪ ಅಕ್ಟೋಬರ್ ೯, ಭಾನುವಾರ. ಬೆಳಿಗ್ಗೆ ಹತ್ತು ಗಂಟೆ, ಅಡುಗೆಮನೆಯ ಮೇಜು.

ಪ್ರೀತಿಯ ಮಿನೆಯಕ್ಕ,

ನಿನ್ನ ಮೊಣಕಾಲು ಹೇಗಿದೆ? ನೀನು ಕಳಿಸಿದ ಹೊಸ ಅಕ್ಕಿ ತಲುಪಿ ಎರಡು ವಾರವಾಯಿತು. ಅನ್ನ ಮಾಡಿ ಉಂಡದ್ದೂ ಆಯಿತು, ಪತ್ರ ಮಾತ್ರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಏನೋ ನೆಪ ಮಾಡಿಕೊಂಡು ಎದ್ದುಬಿಟ್ಟೆ. ಕ್ಷಮಿಸು.

ನಮ್ಮ ಕಬ್ಬಿಣದ ಸೇತುವೆಯನ್ನು ಬಿಚ್ಚುತ್ತಾರಂತೆ. ಪಕ್ಕದಲ್ಲಿ ಕಾಂಕ್ರೀಟಿನದು ಎದ್ದು ನಿಂತಿದೆ, ಆಸ್ಪತ್ರೆಯ ಕಾರಿಡಾರಿನ ಹಾಗೆ. ನವೆಂಬರ್ ಮೂರಕ್ಕೆ ಹಳೆಯದಕ್ಕೆ ವಿದಾಯ ಸಮಾರಂಭ. ಅದಕ್ಕೆಂದು ಪುರಸಭೆಯವರು ಸೇತುವೆಯ ಚರಿತ್ರೆ ಬರೆಸಿ ಪುಸ್ತಿಕೆ ಅಚ್ಚು ಹಾಕಿಸಿದ್ದಾರೆ; ಇದರ ಜೊತೆ ಇಟ್ಟಿದ್ದೇನೆ. ಮರದ ಸೇತುವೆಯನ್ನು ಕೊಚ್ಚಿಕೊಂಡು ಹೋದ ನೆರೆ, ಉಕ್ಕಿನ ತೂಕ, ರಿವೆಟ್ಟು ಮೊಳೆಗಳ ಲೆಕ್ಕ, ಬಣ್ಣ ಬಳಿದ ವರ್ಷಗಳು, ಎಲ್ಲ ಇವೆ. ಕೆಂಪಗೆ ಕಾದ ರಿವೆಟ್ಟನ್ನು ಇಕ್ಕಳದಿಂದ ಮೇಲಕ್ಕೆ ಎಸೆದವರ, ಅದನ್ನು ತಗಡಿನ ಡಬ್ಬಿಯಲ್ಲಿ ಹಿಡಿದವರ ಹೆಸರು ಒಂದೂ ಇಲ್ಲ. ರಿಬ್ಬನ್ನಿನ ಹತ್ತಿರ ನಿಂತಿದ್ದವರ ಹೆಸರು ಒಂದೂ ಬಿಟ್ಟುಹೋಗಿಲ್ಲ.

ಇದನ್ನು ಬರೆದವನು ಶಿಗೆನೊ ಎಂಬ ಗುಮಾಸ್ತ. ಮನೆಗೆ ಬಂದಿದ್ದ. ಚಹಾ ಕುಡಿದು, ಪುಟ ಹನ್ನೊಂದು ತೆರೆದು ನನ್ನ ಮುಂದಿಟ್ಟ. ೧೯೫೫ರ ಮೊದಲ ದಾಟುವಿಕೆಯ ಚಿತ್ರ: ಕುವಾಬಾರಾ ಮನೆತನದ ಮೂರು ತಲೆಮಾರಿನ ಮೂರು ಜೋಡಿಗಳು. ಅಜ್ಜ ಅಜ್ಜಿ, ಮಗ ಸೊಸೆ, ಮೊಮ್ಮಗ ಶೂಜೊ ಮತ್ತು ಅವನ ಹೆಂಡತಿ ಮಿನೆ.

"ಈ ಆರು ಜನರಲ್ಲಿ ಉಳಿದಿರೋದು ಈ ಮಿನೆ ಒಬ್ಬರೇ, ಅಜ್ಜಿ. ನೀವು ರೇಷ್ಮೆ ಗಿರಣೀಲಿ ಒಟ್ಟಿಗಿದ್ರಂತೆ. ಸಮಾರಂಭಕ್ಕೆ ಕರೀಬೇಕು, ವಿಳಾಸ ಕೊಡಿ."

"ಚಿತ್ರ ಸರಿಯಾಗಿ ನೋಡಿದ್ದೀಯೇನಪ್ಪ?"

"ದೊಡ್ಡದು ಮಾಡಿಸಿದ್ದೇ ನಾನು. ಎಷ್ಟು ಲಕ್ಷಣವಾಗಿ ತಲೆ ತಗ್ಗಿಸಿದಾರೆ! ಈಗಿನವರಿಗೆ ಈ ನಾಚಿಕೆ ಎಲ್ಲಿಂದ ಬರ್ಬೇಕು?"

ರಿವೆಟ್ಟು ಎಣಿಸಿದವನಿಗೆ ಮುಖ ನೋಡಲು ಬರುವುದಿಲ್ಲ. ನಾನೇ ಬರೆಯುತ್ತೇನೆ ಎಂದು ಹೇಳಿ ಕಳಿಸಿದೆ.

ಮಕ್ಕಳಾಗಲಿಲ್ಲವೆಂದು, ಸೇತುವೆ ದಾಟುವ ಮೊದಲೇ, ಆ ಆಗಸ್ಟಿನಲ್ಲಿ ಕುವಾಬಾರಾದವರು ನಿನ್ನನ್ನು ಹೊಳೆಯಾಚೆಯ ತವರಿಗೆ ಅಟ್ಟಿದ್ದರು. ಮೂರು ತಲೆಮಾರಿನ ಜೋಡಿಗಳೂ ಇರುವ ಮನೆಗೇ ಸಲ್ಲುವ, ಹೊಸ ಸೇತುವೆಯನ್ನು ಮೊದಲು ದಾಟುವ ಗೌರವ ಮಾತ್ರ ವಸಂತದಲ್ಲೇ ಅವರ ಪಾಲಿಗೆ ಬಂದಿತ್ತು. ಮೂರನೆಯ ಜೋಡಿ ಮುರಿದಿದೆ ಎಂದರೆ ಅದು ಬೇರೆ ಮನೆಗೆ ಹೋಗುತ್ತಿತ್ತು. ಆದ್ದರಿಂದ ಒಬ್ಬಳನ್ನು ಎರವಲು ತಂದರು. ಆ ಮನೆಯ ಅಜ್ಜಿ ಹೇಳಿದಳಂತೆ: "ಸೊಸೆ ಅಂತ ಒಬ್ಳು ಇದ್ರೆ ಸಾಕು. ಯಾವ ಸೊಸೆ ಅಂತ ಸೇತುವೆ ಕೇಳುತ್ತಾ?"

ಸೇತುವೆ ಕೇಳಲಿಲ್ಲ. ಊರೂ ಕೇಳಲಿಲ್ಲ, ಚಪ್ಪಾಳೆ ತಟ್ಟಿತು. ಮನೆತನ ಮನೆತನ ಎಂದು ಸಾಯುತ್ತಿದ್ದವರು ಗಡಿಬಿಡಿಯಲ್ಲಿ ಅವಳಿಗೆ ಉಡಿಸಿದ್ದು ನಿನ್ನ ತಾಯಿ ನೇಯ್ದ ಕಪ್ಪು ಕಿಮೊನೊ. ಭುಜದ ಮೇಲೆ ಅವರದಲ್ಲ, ನಿನ್ನ ತವರು ಮನೆತನದ ಗುರುತು, ಎರಡು ಬಾಣದ ಗರಿ. ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೂರು ತಲೆಮಾರಿನ ಕಣ್ಣುಗಳಲ್ಲಿ ಒಂದಕ್ಕೂ ಅದು ಬೀಳಲಿಲ್ಲ. ಮರುತಿಂಗಳು ವಿಚ್ಛೇದನದ ಕಾಗದಕ್ಕೆ ಮೊಹರು ಒತ್ತಿದರು. ವರ್ಷ ತುಂಬುವುದರೊಳಗೆ ಶೂಜೊ ಇನ್ನೊಬ್ಬಳನ್ನು ತಂದ. ಈಗ ಆ ಮನೆಯಿದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ನನಗೆ ಬೇಸರವಿಲ್ಲ.

ಬರುವುದು ಬಿಡುವುದು ನಿನ್ನ ಇಷ್ಟ. ಚಳಿ ಶುರುವಾಗುತ್ತಿದೆ, ಮೊಣಕಾಲಿಗೆ ಉಣ್ಣೆ ಸುತ್ತಿಕೊ. ನೀನು ನನಗಿಂತ ಹೆಚ್ಚು ದಿನ ಸುಖವಾಗಿ ಬಾಳಬೇಕು.

ನಿನ್ನ
ಇಸೊ

ಮತ್ತೆ: ನೀನೊಮ್ಮೆ ಹೇಳಿದ್ದೆ, ಅವತ್ತು ಅಪ್ಪನ ಮನೆಯ ಮಾಡು ಹತ್ತಿ ನೋಡಿದೆ ಎಂದು. "ನನ್ನ ಬಟ್ಟೆ ನನ್ನ ಬಿಟ್ಟು ನಡ್ಕೊಂಡ್ ಬರ್ತಿತ್ತು ಕಣೇ. ಒಳಗಿದ್ದೋಳು ಯಾರೋ, ಪಾಪ" ಎಂದೆ. ಅವತ್ತು ಗಿರಣಿಯಲ್ಲಿದ್ದೆ ಎಂದು ನಾನು ಹೇಳಿದೆ.

ಒಳಗಿದ್ದವಳು ನಾನು. ಗಿರಣಿಯ ಮೇಲ್ವಿಚಾರಕ ಕರೆದು ಅವರ ಬೇಡಿಕೆ ಹೇಳಿದಾಗ ಇಲ್ಲ ಎನ್ನಬಹುದಿತ್ತು. ಇನ್ನೊಬ್ಬಳು ಇಲ್ಲ ಎಂದು ಗಿರಣಿಯಲ್ಲೇ ಉಳಿದಿದ್ದಳು. ನಿನ್ನ ಎತ್ತರ ನನ್ನ ಎತ್ತರ ಒಂದೇ ಎಂದು ನನ್ನನ್ನು ಆರಿಸಿದರು. ಶಿಗೆನೊ ನಾಚಿಕೆ ಎಂದದ್ದು ನಾಚಿಕೆಯಲ್ಲ. ರೇಷ್ಮೆ ಮೈಗೆ ತಾಗುತ್ತಿತ್ತು, ಊರೆಲ್ಲ ನೋಡುತ್ತಿತ್ತು, ನಾನು ನಗು ತಡೆಯಲು ತಲೆ ತಗ್ಗಿಸಿದ್ದೆ. ಆ ಹದಿನೈದು ನಿಮಿಷ ನಿನ್ನ ನೆನಪೇ ಬರಲಿಲ್ಲ. ಕುವಾಬಾರಾದವರನ್ನು ಇಷ್ಟು ವರ್ಷ ಹಳಿದಿದ್ದೇನೆ. ಅವರಿಗೆ ನೀನು ಗೆಳತಿಯಾಗಿರಲಿಲ್ಲ.

ಕಿಮೊನೊ ನನ್ನ ಹತ್ತಿರವೇ ಇದೆ. "ಅಪಶಕುನದ್ದು, ನೀನೇ ಇಟ್ಕೊ" ಎಂದಳು ಆ ಅಜ್ಜಿ. ಮೂವತ್ತೊಂಬತ್ತು ಬೇಸಿಗೆ ಬಾಗಿಲು ಹಾಕಿಕೊಂಡು ಅದನ್ನು ಗಾಳಿಗೆ ಹರಡಿದ್ದೇನೆ.

ನವೆಂಬರ್ ಮೂರನೆಯ ತಾರೀಕು ಅದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಸೇತುವೆ ದಾಟಿ, ನಿನ್ನ ತವರಿನ ದಡದಲ್ಲಿ ನಿಲ್ಲುತ್ತೇನೆ. ನೀನು ಬಂದರೆ ತೆಗೆದುಕೊ. ಪುಟ ಹನ್ನೊಂದರಲ್ಲಿರುವುದು ಯಾರೆಂದು ಶಿಗೆನೊನಿಗೂ ಅಲ್ಲೇ, ಎಲ್ಲರ ಎದುರಿಗೇ ಹೇಳುತ್ತೇನೆ. ಇವತ್ತು ಭಾನುವಾರ, ನಾಳೆಯೂ ರಜೆ. ಮಂಗಳವಾರ ಬೆಳಿಗ್ಗೆ ಅಂಚೆ ಕಚೇರಿಗೇ ಹೋಗಿ ಇದನ್ನು ರಿಜಿಸ್ಟರ್ ಮಾಡಿಸುವುದೆಂದು ನಿರ್ಧರಿಸಿದ್ದೇನೆ.