ಸರ್ಕಾರಕ್ಕೆ ಬೀಗ ಬಿದ್ದ ದಿನ

ಬಾಲ್ಟಿಮೋರ್,
ಫೆಬ್ರವರಿ ೧೧

ಪ್ರೀತಿಯ ಅಮ್ಮ,

ಗೆದ್ದೆವು. ಒಂದು ಲೋಟ ನೀರು ಕುಡಿದು ಮುಂದಕ್ಕೆ ಓದು.

ಅಕ್ಟೋಬರಿನಲ್ಲಿ ನನ್ನ ಆಶ್ರಯದ ಅರ್ಜಿಯ ವಿಚಾರಣೆ ನಿಂತುಹೋದದ್ದನ್ನು ನಿನಗೆ ತಿಳಿಸಿರಲಿಲ್ಲ. ನಾಲ್ಕು ವರ್ಷ ಕಾದು ನ್ಯಾಯಾಲಯಕ್ಕೆ ಹೋದರೆ ಬಾಗಿಲ ಕಾವಲಿನವನು, "ಬಜೆಟ್ಟಿಗೆ ಒಪ್ಪಿಗೆ ಸಿಕ್ಕಿಲ್ಲ, ಸರ್ಕಾರಕ್ಕೇ ಬೀಗ ಬಿದ್ದಿದೆ ಕಣಮ್ಮ, ಮನೆಗೆ ಹೋಗು" ಅಂದ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ನನ್ನ ವಕೀಲೆ ರೊಸಾಲಿಂಡ್ ಮಾತ್ರ, "ಅಳ್ತೀಯಾ ಯಾಕೆ? ಇವತ್ತು ಒಳಗೆ ಹೋಗಿದ್ರೆ ಸಾಕ್ಷಿ ಇಲ್ದೆ ಸೋತು ಬರ್ತಿದ್ವಿ. ನಿಮ್ಮಮ್ಮ ಕಳಿಸೋ ಕಾಗದ ಮೊದ್ಲು ಬರ್ಲಿ" ಎಂದು ಗದರಿದರು.

ನಮ್ಮೂರಲ್ಲಿ ಬಂದೂಕಿನವರು ನನ್ನನ್ನು ಹೊಡೆದ ವಾರದ ಆಸ್ಪತ್ರೆಯ ಕಾಗದ, ನೀನು ಬಮೆಂಡಾ ಪಟ್ಟಣಕ್ಕೆ ಮೂರು ಸಲ ಅಲೆದು ತೆಗೆಸಿದ್ದು, ಡಿಸೆಂಬರಿನಲ್ಲಿ ಕೈಸೇರಿತು. ನಿನ್ನೆ ಮತ್ತೆ ನಡೆದ ವಿಚಾರಣೆಯಲ್ಲಿ ನ್ಯಾಯಾಧೀಶರು ಅದನ್ನು ಎರಡು ಸಲ ಓದಿ, "ನೀವು ಇಲ್ಲೇ ಇರಬಹುದು" ಎಂದರು.

ಇನ್ನು ಮಕ್ಕಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಬಹುದಂತೆ. ನಯಿನ್ ಮತ್ತು ಚಿಯಾ ಇಬ್ಬರ ಜನನ ಪತ್ರವನ್ನೂ ಫೋಟೊವನ್ನೂ ಕಳಿಸು. ಹಾಗೇ ಇಬ್ಬರನ್ನೂ ಒಂದು ಹಾಳೆಯ ಮೇಲೆ ನಿಲ್ಲಿಸಿ, ಪಾದದ ಸುತ್ತ ಗೆರೆ ಎಳೆದು ಅದನ್ನೂ ಇಡು. ಇಲ್ಲಿಯ ಚಳಿಗೆ ಬೂಟು ಬೇಕು. ನನಗೆ ಗೊತ್ತಿರುವುದು ನಾಲ್ಕು ವರ್ಷದ ಹಿಂದಿನ ಅಳತೆ.

ನಿನ್ನ ಮಗಳು,
ಬಿಹ್