ಗುಬ್ಬಿಯ ಎದೆಯ ಮೇಲಿನ ಬಿಲ್ಲೆ

ಮನೆಯ ಹಿಂಗೋಣೆಯಿಂದ,
ಸೆಪ್ಟೆಂಬರ್ ೭, ಭಾನುವಾರ

ಪ್ರೀತಿಯ ಮಗಳೇ,

ಹಡಗಿನ ಓಲಾಟಕ್ಕೆ ಹೊಟ್ಟೆ ತೊಳೆಸುವುದು ಈಗಲಾದರೂ ಕಡಿಮೆಯಾಯಿತೇ? ಹಡಗಿನವರ ಜ್ವರವನ್ನೆಲ್ಲ ನೋಡಿಕೊಳ್ಳುವ ನರ್ಸಮ್ಮ ತನ್ನ ಊಟ ಮರೆಯುತ್ತಾಳೆಂದು ನನಗೆ ಗೊತ್ತು. ಹೊತ್ತಿಗೆ ಸರಿಯಾಗಿ ತಿನ್ನು. ನನ್ನ ಮಂಡಿನೋವು ಹಾಗೇ ಇದೆ, ನಿನ್ನಷ್ಟೇ ಹಟಮಾರಿ. ಗುಬ್ಬಿ ಚೆನ್ನಾಗಿದ್ದಾಳೆ ಎಂದು ಬರೆಯಲು ಹೊರಟೆ, ಪೆನ್ನು ಮುಂದಕ್ಕೆ ಹೋಗಲಿಲ್ಲ.

‘ನನ್ನ ಮಗಳಿಗೆ ತಾಳ್ಮೆಯ ಬಿಲ್ಲೆ ಸಿಕ್ಕಿದೆ, ಹಡಗಿನಲ್ಲೆಲ್ಲ ಹೇಳಿಕೊಂಡು ಬಂದೆ’ ಎಂದು ನೀನು ಹಿಂದಿನ ಕಾಗದದಲ್ಲಿ ಬರೆದಿದ್ದೆ. ನಿನಗೆ ಆ ಅರ್ಥ ಹೇಳಿದವರು ಯಾರೋ, ಶಾಲೆಯವರೇ ಇರಬೇಕು. ಅದು ಸುಳ್ಳು. ಈ ವರ್ಷ ಅಲ್ಲಿ ಹೊಸದೊಂದು ಏರ್ಪಾಡು ಮಾಡಿದ್ದಾರೆ. ಪ್ರತಿ ಹುಡುಗಿಗೂ ಟೀಚರುಗಳು ಒಂದು ಲ್ಯಾಟಿನ್ ಗುಣವಾಚಕ ಆರಿಸಿ, ಹಿತ್ತಾಳೆಯ ಬಿಲ್ಲೆಯಲ್ಲಿ ಕೆತ್ತಿಸಿ, ಎದೆಗೆ ಚುಚ್ಚುತ್ತಾರೆ. ಚುರುಕಾದವಳಿಗೆ ‘ಆಕ್ರಿಸ್’, ಗಟ್ಟಿಗಿತ್ತಿಗೆ ‘ಫೋರ್ಟಿಸ್’, ಸೋಮಾರಿಗೆ ‘ಪಿಗ್ರಾ’. ನಮ್ಮ ಗುಬ್ಬಿಗೆ ‘ಟಾರ್ಡಾ’. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಇವಕ್ಕೆಲ್ಲ ಇಂಗ್ಲಿಷ್ ಅರ್ಥ ಬರೆದ ದೊಡ್ಡ ಚಾರ್ಟು ತೂಗುಹಾಕಿದೆ. ತಂದೆತಾಯಿಯರನ್ನು ಹಜಾರದ ಸೋಫಾದಿಂದಾಚೆಗೆ ಬಿಡುವುದಿಲ್ಲ. ನಾನು ನುಗ್ಗಿ ಓದಿದೆ. ಟಾರ್ಡಾ, ಸ್ಲೋ. ನಿಧಾನ, ಮಂದ. ಒಂಬತ್ತು ವರ್ಷದ ಕೂಸಿಗೆ!

ಲ್ಯಾಟಿನ್ ನನಗೆ ಹೊಸದಲ್ಲ. ಔಷಧದಂಗಡಿಯಲ್ಲೇ ತಲೆ ನರೆಸಿಕೊಂಡವನು. ಬಿಳಿಯದಕ್ಕೆ ‘ಆಲ್ಬುಸ್’, ಕಹಿಗೆ ‘ಅಮಾರುಸ್’ ಎಂದು ಶೀಶೆಗಳಿಗೆ ಚೀಟಿ ಅಂಟಿಸಿದ್ದೇನೆ. ಆದರೆ ಒಳಗಿರುವುದನ್ನು ತೂಗಿ, ಮೂಸಿ, ಖಾತ್ರಿ ಮಾಡಿಕೊಳ್ಳದೆ ಅಂಟಿಸಿದ್ದರೆ ನಮ್ಮ ಮಾಲೀಕರು ಕೈ ಮುರಿಯುತ್ತಿದ್ದರು. ಇವರು ಮಗುವಿಗೆ ಅಂಟಿಸಿದ್ದಾರೆ, ಅದೂ ಎರಡು ತಿಂಗಳ ಪರಿಚಯದಲ್ಲಿ.

ಕೇಳಿದ್ದಕ್ಕೆ ಆ ಮುಖ್ಯೋಪಾಧ್ಯಾಯಿನಿ ನಕ್ಕರು. “ಅಜ್ಜಾವ್ರೇ, ಕೋಪ ಮಾಡ್ಕೋಬೇಡಿ. ಲ್ಯಾಟಿನ್ ಅಲ್ವಾ, ಮಕ್ಕಳಿಗೆ ಚುಚ್ಚೋದಿಲ್ಲ. ಅರ್ಥ ನಮ್ಮ ಟೀಚರ್‌ಗಳಿಗೆ ಮಾತ್ರ” ಎಂದರು. “ಚುಚ್ಚೋದಿಲ್ಲ ಅಂದ್ರೆ ‘ದಡ್ಡಿ’ ಅಂತ ನಮ್ಮ ಭಾಷೇಲೇ ಬರೆದು ನೇತುಹಾಕಿ ತಾಯೇ” ಎಂದೆ. “ಛೆ ಛೆ, ಅದು ಅನಾಗರಿಕ ಆಗುತ್ತೆ!” ಎಂದು ಕಿವಿ ಮುಚ್ಚಿಕೊಂಡರು. ಇಂಥ ನಾಗರಿಕತೆಗೆ ಬೆಂಕಿ ಹಾಕ!

ನಿನ್ನ ದೊಡ್ಡಪ್ಪ ಹೊಸಬರು ಎದುರಾದರೆ ಎದೆಯ ಮೇಲೆ ಕೈಯಿಡುತ್ತಿದ್ದದ್ದು ನೆನಪಿದೆಯೇ? ದೊಡ್ಡ ವಿನಯವಂತ ಎಂದು ನೀವೆಲ್ಲ ಹೊಗಳುತ್ತಿದ್ದಿರಿ. ನಮ್ಮ ಮೇಷ್ಟ್ರು ಅವನ ಕೊರಳಿಗೆ ‘ದಡ್ಡ’ ಎಂಬ ಹಲಗೆ ಕಟ್ಟಿ ಬೀದಿಯಲ್ಲಿ ನಡೆಸಿದ್ದರು. ಆ ಕೈ ಸಾಯುವ ತನಕ ಹಲಗೆಯನ್ನೇ ಮುಚ್ಚುತ್ತಿತ್ತು. ಆದರೂ ಅದನ್ನು ಬೀದಿಯೆಲ್ಲ ಓದಿತ್ತು; ಅದಕ್ಕೇ ನಮ್ಮಮ್ಮ ಓಡಿಹೋಗಿ ಮೇಷ್ಟ್ರ ಎದುರಿಗೇ ಮುರಿದು ಒಲೆಗೆ ಹಾಕಿದಳು. ಈಗಿನ ಹಲಗೆ ಯಾರಿಗೂ ಬಾರದ ಭಾಷೆಯಲ್ಲಿದೆ, ಮುರಿಯುವವರು ಎಲ್ಲಿಂದ ಬರಬೇಕು?

ಬಿಲ್ಲೆಯಿಲ್ಲದೆ ಗೇಟಿನೊಳಗೆ ಬಿಡುವುದಿಲ್ಲವಂತೆ. ಬೇಡ. ನಮ್ಮ ರಸ್ತೆಯ ಕೊನೆಯ ಹಳೇ ಶಾಲೆಯಲ್ಲಿ ಬೆಂಚುಗಳು ಅಲ್ಲಾಡುತ್ತವೆ, ಆದರೆ ಅಲ್ಲಿನ ಟೀಚರು ಗುಬ್ಬಿಯನ್ನು ಕಂಡು ಮೊದಲು ಕೇಳಿದ್ದು ಹೆಸರು. ಅಲ್ಲಿಗೆ ಸೇರಿಸಲು ನಿನ್ನ ಒಪ್ಪಿಗೆ ಬೇಕು, ಬೇಗ ಬರೆ. ಗುಬ್ಬಿಗಂತೂ ಏನೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಹಿತ್ತಿಲ ಕಲ್ಲಿನ ಮೇಲೆ ಕೂತು ಆ ದರಿದ್ರ ಬಿಲ್ಲೆಯನ್ನು ಉಜ್ಜಿ ಉಜ್ಜಿ ಹೊಳೆಯಿಸುತ್ತಾಳೆ. ನೋಡಲಾರದೆ ಒಳಗೆ ಬಂದುಬಿಡುತ್ತೇನೆ.

ಹಡಗೂ ನೀನೂ ಸುಖವಾಗಿ ದಡ ಸೇರಿ. ತಲೆಗೆ ಎಣ್ಣೆ ಹಾಕಿಕೋ.

ನಿನ್ನ
ಅಪ್ಪ

ಮತ್ತೆ ಬರೆದದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಗುಬ್ಬಿ ಬಂದು ಕೈ ಹಿಡಿದುಕೊಂಡಳು. “ಅಜ್ಜಾ, ಅಮ್ಮಂಗೆ ಟಾರ್ಡಾ ಅಂದ್ರೇನು ಅಂತ ಬರೀಬೇಡ. ತಾಳ್ಮೆ ಅಂತ ಫೋನಲ್ಲಿ ನಾನೇ ಹೇಳಿದ್ದು. ಅಮ್ಮ ಎಷ್ಟು ನಕ್ಕಳು ಗೊತ್ತಾ?” ಕ್ಲಾಸಿನಲ್ಲಿ ಮೊದಲ ವಾರವೇ ಎಲ್ಲರಿಗೂ ಅರ್ಥ ತಿಳಿದುಹೋಗಿತ್ತಂತೆ. ಕಲ್ಲಿಗೆ ಉಜ್ಜುತ್ತಿದ್ದದ್ದು ಹೊಳೆಯಲಿ ಎಂದಲ್ಲ, ಅಕ್ಷರ ಸವೆಯಲಿ ಎಂದು. ‘ಟಿ’ ಆಗಲೇ ಅರ್ಧ ಹೋಗಿದೆ. ನೀನು ಒಪ್ಪಿಗೆಯನ್ನಷ್ಟೇ ಬರೆ. ನಿಜ ತಿಳಿಯಿತೆಂದು ಬರೆಯಬೇಡ. ಫೋನು ಮಾಡಿದಾಗ, ಅವಳಾಗಿ ಹೇಳುವ ತನಕ, ನಗುತ್ತಿರು.